ಕಾಯುವುದು ಮತ್ತು ಕಾಯ್ದಿರಿಸುವುದು

ಊರ ಜಾತ್ರೆಯಲ್ಲಿ ತಿರುಗುವ ತೊಟ್ಟಿಲನ್ನು ಏರದೆ ಬೆಳೆದವರು ನಮ್ಮಲ್ಲಿ ವಿರಳ. ತೊಟ್ಟಿಲಿನವನ ಕೈಗೆ ಕಾಸು ಹಾಕಿದರೆ ಮುಗಿಯಿತು. ಆಸನ ತೆರವಾದೊಡನೆ ಹತ್ತಿ ಕುಳಿತುಕೊಳ್ಳಬಹುದು. ಅಲ್ಲಿ ದಿನಾಂಕವಿಲ್ಲ, ಮುಂಗಡವಿಲ್ಲ, ರಸೀದಿಯಿಲ್ಲ. ಇಷ್ಟು ಕಾಸಿಗೆ ಇಷ್ಟು ಸುತ್ತು ಎಂಬುದೊಂದೇ ಕರಾರು. ಆ ತೊಟ್ಟಿಲಿನ ವಂಶದಲ್ಲಿಯೇ ಹುಟ್ಟಿ, ಬೆಳೆದು ದೈತ್ಯಾಕಾರ ತಾಳಿರುವ ಯಂತ್ರಗಳನ್ನು ನಾವು ಇಂದು ಥೀಮ್ ಪಾರ್ಕುಗಳಲ್ಲಿ ಕಾಣುತ್ತೇವೆ. ಒಂದು ಕಥೆಯನ್ನೋ ಕಲ್ಪನೆಯನ್ನೋ ಆಧಾರವಾಗಿಟ್ಟುಕೊಂಡು, ಕಟ್ಟಡ, ಕಾರಂಜಿ, ಸವಾರಿ, ಸಂಗೀತಗಳನ್ನೆಲ್ಲ ಅದಕ್ಕೆ ಹೊಂದಿಸಿ ನಿರ್ಮಿಸಿದ ವಿಹಾರೋದ್ಯಾನವೇ ಥೀಮ್ ಪಾರ್ಕು. ಇಲ್ಲಿ ಕಾಸು ಹಿಡಿದುಕೊಂಡು ಹೋದರೆ ಮಾತ್ರ ಸಾಲದು. ಯಾವ ದಿನ ಹೋಗುವುದೆಂದು ಮೊದಲೇ ನಿಶ್ಚಯಿಸಬೇಕು. ಮೊಬೈಲಿನಲ್ಲಿ ಹಣ ಕಟ್ಟಬೇಕು. ಬಾಗಿಲಲ್ಲಿ ಕ್ಯೂಆರ್ ಸಂಕೇತವನ್ನು ತೋರಿಸಬೇಕು.

ಶಾಲೆಯ ಪ್ರವಾಸಕ್ಕೆ ಏರ್ಪಾಡು ಮಾಡುವಾಗಲೆಲ್ಲ ತಂದೆತಾಯಿಗಳು ಅಧ್ಯಾಪಕರಾದ ನಮ್ಮನ್ನು ಮೂರು ಪ್ರಶ್ನೆ ಕೇಳುತ್ತಾರೆ. ಒಂದೇ ಉದ್ಯಾನಕ್ಕೆ ಬುಧವಾರ ಒಂದು ದರ, ಭಾನುವಾರ ಇನ್ನೊಂದು ದರ ಏಕೆ? ಅಷ್ಟು ಹಣ ತೆತ್ತು ಒಳಗೆ ಹೋದ ಮೇಲೂ ಒಂದೊಂದು ಸವಾರಿಗೂ ಸಾಲಿನಲ್ಲಿ ನಿಲ್ಲುವುದೇಕೆ? ಆ ಸಾಲನ್ನು ತಪ್ಪಿಸಿಕೊಳ್ಳಲು ಮತ್ತೊಂದು ಟಿಕೆಟ್ಟು ಮಾರುತ್ತಾರಲ್ಲ, ಅದು ನ್ಯಾಯವೆ? ಈ ಮೂರು ಪ್ರಶ್ನೆಗಳಿಗೂ ಬೇರು ಒಂದೇ. ಅದನ್ನು ಅರಿಯಲು ಪ್ರಾಥಮಿಕ ಶಾಲೆಯ ಗಣಿತ ಸಾಕು.

ಒಂದು ಸವಾರಿಯಲ್ಲಿ 24 ಆಸನಗಳಿವೆಯೆಂದು ಭಾವಿಸೋಣ. ಜನರನ್ನು ಕೂರಿಸಿ, ಪಟ್ಟಿ ಬಿಗಿದು, ಸುತ್ತಿಸಿ, ಇಳಿಸುವುದಕ್ಕೆ ಮೂರು ಮಿನಿಟು ಹಿಡಿದರೆ ಗಂಟೆಗೆ 20 ಸುತ್ತು, ಎಂದರೆ 480 ಜನ. ಎಂಟು ಗಂಟೆಗಳ ದಿನದಲ್ಲಿ 3,840 ಜನ. ಅಂದು ಉದ್ಯಾನಕ್ಕೆ 5,000 ಜನ ಬಂದು, ಪ್ರತಿಯೊಬ್ಬರೂ ಒಂದು ಸಲ ಮಾತ್ರ ಅದನ್ನು ಏರಬೇಕೆಂದು ಬಯಸಿದರೂ 1,160 ಮಂದಿ ಏರದೆಯೇ ಮನೆಗೆ ಮರಳಬೇಕು. ಯಾವ ದಕ್ಷ ಅಧಿಕಾರಿಯೂ ಈ ಲೆಕ್ಕವನ್ನು ತಿದ್ದಲಾರನು. ಹಾಗೆ ಮರಳುವವರು ಯಾರು ಎಂಬುದನ್ನು ಗೊತ್ತುಮಾಡುವುದಕ್ಕೆ ಲೋಕದಲ್ಲಿ ಮೂರೇ ಉಪಾಯಗಳು. ದರವನ್ನು ಏರಿಸಿದರೆ ಹಣವಿಲ್ಲದವರು ಹಿಂದೆ ಸರಿಯುತ್ತಾರೆ. ಸಾಲನ್ನು ಬೆಳೆಯಗೊಟ್ಟರೆ ತಾಳ್ಮೆಯಿಲ್ಲದವರು ಹಿಂದೆ ಸರಿಯುತ್ತಾರೆ. ಮುಂಗಡವಾಗಿ ಕಾಯ್ದಿರಿಸಿದರೆ ತಡವಾಗಿ ಯೋಚಿಸಿದವರು ಹಿಂದೆ ಸರಿಯುತ್ತಾರೆ. ಹಣ, ಹೊತ್ತು, ಮುಂದಾಲೋಚನೆ - ಥೀಮ್ ಪಾರ್ಕಿನ ಟಿಕೆಟ್ಟಿನ ಚರಿತ್ರೆಯೆಲ್ಲ ಈ ಮೂರನ್ನು ಬಗೆಬಗೆಯಾಗಿ ಬೆರಸಿದ ಚರಿತ್ರೆ.

ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ ಟಿವೋಲಿ ಎಂಬ ಉದ್ಯಾನವಿದೆ. 1843ರ ಆಗಸ್ಟ್ 15ರಂದು ಅದರ ಬಾಗಿಲು ತೆರೆಯಿತು. ಅಲ್ಲಿ ಒಳಗೆ ಕಾಲಿಡಲು ಒಂದು ಶುಲ್ಕ, ಸವಾರಿಗಳಿಗೆ ಬೇರೆ ಶುಲ್ಕ. ಈ ಕ್ರಮ ಇಂದಿಗೂ ಉಂಟು. ಸವಾರಿ ಬೇಡದೆ, ಹೂವು, ದೀಪಗಳನ್ನು ನೋಡಿಕೊಂಡು ಅಡ್ಡಾಡಿ ಬರುವವರಿಗೆ ಇದು ಅನುಕೂಲ. ನಮಗೂ ಈ ಪದ್ಧತಿ ಹೊಸದಲ್ಲ. ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಹೋದವರು ಬಾಗಿಲಲ್ಲಿ ಒಂದು ಟಿಕೆಟ್ಟು ಕೊಂಡು, ಒಳಗೆ ದೊಡ್ಡ ರಾಟೆಯ ಬಳಿ ಮತ್ತೊಂದು ಟಿಕೆಟ್ಟು ಕೊಂಡದ್ದನ್ನು ನೆನೆದರೆ ಸಾಕು.

ಥೀಮ್ ಪಾರ್ಕು ಎಂದೊಡನೆ ಎಲ್ಲರಿಗೂ ನೆನಪಾಗುವ ಡಿಸ್ನಿಲ್ಯಾಂಡ್ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಆನಹೈಮ್ ಎಂಬ ಊರಿನಲ್ಲಿದೆ. 1955ರ ಜುಲೈ 17, ಭಾನುವಾರ, ಅದರ ಪ್ರಾರಂಭೋತ್ಸವ. ಅಂದು ಆಹ್ವಾನಿತರಿಗೆ ಮಾತ್ರ ಪ್ರವೇಶವೆಂದು ಗೊತ್ತಾಗಿತ್ತು. ಆದರೆ ನಕಲಿ ಆಹ್ವಾನ ಪತ್ರಗಳು ಊರೆಲ್ಲ ಹರಡಿ, ಎಣಿಸಿದುದಕ್ಕಿಂತ ಬಹಳ ಹೆಚ್ಚಾಗಿ, ಸುಮಾರು 28,000 ಜನ ನುಗ್ಗಿದರು. ಒಬ್ಬ ಚತುರನು ಬೇಲಿಗೆ ಏಣಿ ಹಾಕಿ, ತಲೆಗಿಷ್ಟೆಂದು ಹಣ ಪಡೆದು ಜನರನ್ನು ಒಳಗೆ ದಾಟಿಸಿದನೆಂದೂ ಹೇಳುತ್ತಾರೆ. ಊಟ ಸಾಲದಾಯಿತು, ಕುಡಿಯುವ ನೀರಿಗೆ ಪರದಾಟವಾಯಿತು, ಬಿಸಿಲಿಗೆ ಹೊಸ ಡಾಂಬರು ಮೆತ್ತಗಾಗಿ ಪಾದರಕ್ಷೆಗಳು ಹೂತವು. ಟಿಕೆಟ್ಟೆಂಬುದು ಹಣ ವಸೂಲಿಯ ಚೀಟಿ ಮಾತ್ರವಲ್ಲ, ಜನರ ಸಂಖ್ಯೆಗೆ ಕಟ್ಟಿದ ಅಣೆಕಟ್ಟು ಎಂಬ ಪಾಠ ಮೊದಲ ದಿನವೇ ಆಯಿತು.

ಮೊದಮೊದಲು ದೊಡ್ಡವರಿಗೆ ಪ್ರವೇಶ ಶುಲ್ಕ ಒಂದು ಡಾಲರು, ಮಕ್ಕಳಿಗೆ ಅರ್ಧ ಡಾಲರು. ಸವಾರಿಗಳಿಗೆ ಅಲ್ಲಲ್ಲಿಯೇ ಬಿಡಿ ಹಣ. ಹೆಜ್ಜೆಹೆಜ್ಜೆಗೂ ಕೈಚೀಲ ಬಿಚ್ಚುವುದು ಬಂದವರಿಗೆ ಬೇಸರ. ಆದುದರಿಂದ ಅದೇ ವರ್ಷ ಅಕ್ಟೋಬರಿನಲ್ಲಿ ಟಿಕೆಟ್ ಪುಸ್ತಕವನ್ನು ಹೊರತಂದರು. ದೊಡ್ಡವರಿಗೆ ಎರಡೂವರೆ ಡಾಲರು. ಅದರಲ್ಲಿ ಪ್ರವೇಶವೂ ಎಂಟು ಸವಾರಿಗಳೂ ಸೇರಿದ್ದುವು. ಸವಾರಿಗಳನ್ನು ಎ, ಬಿ, ಸಿ ಎಂದು ಮೂರು ದರ್ಜೆಗಳಾಗಿ ವಿಂಗಡಿಸಿದ್ದರು. 1956ರಲ್ಲಿ ಡಿ ದರ್ಜೆಯೂ, 1959ರಲ್ಲಿ ಮ್ಯಾಟರ್‌ಹಾರ್ನ್ ಎಂಬ ಪರ್ವತದ ಜಾರುಗಾಡಿ ಮೊದಲಾದ ದೊಡ್ಡ ಆಕರ್ಷಣೆಗಳು ಬಂದಾಗ ಇ ದರ್ಜೆಯೂ ಸೇರಿದುವು. ಇ ಎಂದರೆ ಎಲ್ಲಕ್ಕಿಂತ ಮೇಲು. 1983ರಲ್ಲಿ ಬಾಹ್ಯಾಕಾಶಕ್ಕೆ ಏರಿದ ಅಮೆರಿಕದ ಮೊದಲ ಮಹಿಳೆ ಸ್ಯಾಲಿ ರೈಡ್ ತಮ್ಮ ಯಾನವನ್ನು ಈ ಇ ಟಿಕೆಟ್ಟಿಗೇ ಹೋಲಿಸಿದರೆಂದರೆ, ಆ ಪದ ಅಲ್ಲಿಯ ಜನರ ಬಾಯಲ್ಲಿ ಎಷ್ಟು ಬಳಕೆಯಾಗಿತ್ತೆಂಬುದು ತಿಳಿದೀತು.

ಈ ಪುಸ್ತಕದಲ್ಲಿ ಒಂದು ಜಾಣತನವಿತ್ತು. ಇ ಚೀಟಿಗಳು ಕೆಲವೇ. ಉಳಿದುವು ಸಣ್ಣ ಸವಾರಿಗಳ ಚೀಟಿಗಳು. ಇ ಚೀಟಿ ಮುಗಿದವನು ಕೈಯಲ್ಲಿರುವ ಎ, ಬಿ ಚೀಟಿಗಳನ್ನು ದಂಡಮಾಡಲು ಮನಸ್ಸಿಲ್ಲದೆ ಸಣ್ಣ ಸವಾರಿಗಳ ಕಡೆಗೆ ತಿರುಗುತ್ತಿದ್ದನು. ಗದರಿಸುವ ಕಾವಲುಗಾರನಿಲ್ಲದೆಯೇ ಜನ ಉದ್ಯಾನದ ತುಂಬ ಹಂಚಿಹೋಗುತ್ತಿದ್ದರು. ಎಷ್ಟೋ ಮನೆಗಳಲ್ಲಿ ಬಳಸದೆ ಉಳಿದ ಎ ಚೀಟಿಗಳು ಮೇಜಿನ ಖಾನೆ ಸೇರಿದುದೂ ಉಂಟು.

ಬಾಗಿಲಲ್ಲಿಯೇ ಹೆಚ್ಚು ಹಣ ಪಡೆಯಬೇಕೆ, ಸವಾರಿಗೆ ಇಷ್ಟಿಷ್ಟೆಂದು ಪಡೆಯಬೇಕೆ? ಇದು ಅರ್ಥಶಾಸ್ತ್ರಜ್ಞರನ್ನೂ ಕಾಡಿದ ಪ್ರಶ್ನೆ. ಕಣ್ಣು ಕಾಣದ ವಿದ್ವಾಂಸರಾದ ವಾಲ್ಟರ್ ಓಯ್ 1971ರಲ್ಲಿ ಡಿಸ್ನಿಲ್ಯಾಂಡನ್ನೇ ಉದಾಹರಣೆಯಾಗಿಟ್ಟುಕೊಂಡು ಬರೆದ ಲೇಖನ ಇಂದಿಗೂ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಪಾಠ. 1982ರ ಜೂನಿನಲ್ಲಿ ಡಿಸ್ನಿಲ್ಯಾಂಡ್ ಚೀಟಿಗಳ ಪದ್ಧತಿಯನ್ನು ಕೈಬಿಟ್ಟಿತು. ಬಾಗಿಲಲ್ಲಿ ಒಂದೇ ಸಲ ಹಣ; ಒಳಗೆ ಎಷ್ಟು ಸಲ ಬೇಕಾದರೂ, ಏನು ಬೇಕಾದರೂ ಏರಬಹುದು. ಇಂದು ನಮ್ಮ ಹಲವು ಪಾರ್ಕುಗಳಲ್ಲಿಯೂ ಇದೇ ರೂಢಿ.

ಕೇಳಲು ಇದು ಉದಾರವಾದ ಏರ್ಪಾಡೇ ಸರಿ. ಆದರೆ ಸವಾರಿಗೆ ಬೇರೆ ಬೆಲೆ ಇಲ್ಲವೆಂದಾದರೆ ಎಲ್ಲರೂ ದೊಡ್ಡ ಸವಾರಿಯ ಬುಡದಲ್ಲಿಯೇ ಕೂಡುತ್ತಾರೆ. ಹಣದ ರೂಪದಲ್ಲಿ ಕೊಡದೆ ಉಳಿಸಿದ ಬೆಲೆಯನ್ನು ಹೊತ್ತಿನ ರೂಪದಲ್ಲಿ ತೆರಬೇಕಾಗುತ್ತದೆ. ಟಿಕೆಟ್ಟು ಕೊಂಡ ಮೇಲೂ ಸಾಲೇಕೆ ಎಂಬ ಪ್ರಶ್ನೆಗೆ ಉತ್ತರವಿಷ್ಟೆ: ಆ ಸಾಲೇ ಟಿಕೆಟ್ಟಿನ ಎರಡನೆಯ ಕಂತು.

ಸಾಲುಗಳಿಗೂ ಒಂದು ಶಾಸ್ತ್ರವಿದೆ. ಅದರ ಜನ್ಮಸ್ಥಳವೂ ಟಿವೋಲಿಯ ಊರಾದ ಕೋಪನ್‌ಹೇಗನ್ನೇ ಎಂಬುದು ಸ್ವಾರಸ್ಯ. ಅಲ್ಲಿಯ ಟೆಲಿಫೋನ್ ಕಂಪೆನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞರು, ಕರೆಗಳು ತಂತಿಗಾಗಿ ಕಾಯುವ ಸಮಸ್ಯೆಯ ಬೆನ್ನು ಹತ್ತಿ, 1909ರಲ್ಲಿ ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದರು. ಜನ ಹೊತ್ತಲ್ಲದ ಹೊತ್ತಿನಲ್ಲಿ ಗುಂಪುಗುಂಪಾಗಿ ಬರುವುದರಿಂದ, ಯಂತ್ರದ ಶಕ್ತಿ ಪೂರ್ತಿ ಮುಗಿಯುವ ಮೊದಲೇ ಸಾಲು ಬೆಳೆಯುತ್ತದೆ. ಶಾಸ್ತ್ರದ ಅತಿ ಸರಳವಾದ ಸೂತ್ರದಂತೆ, ನೂರಕ್ಕೆ 80ರಷ್ಟು ಭಾರವಿರುವಾಗ ನಾಲ್ಕು ಮಿನಿಟು ಕಾಯಬೇಕಾದರೆ, 90ರಷ್ಟಾದಾಗ ಒಂಬತ್ತು ಮಿನಿಟು, 95ರಷ್ಟಾದಾಗ 19 ಮಿನಿಟು ಕಾಯಬೇಕು. ಜನ ಸ್ವಲ್ಪ ಹೆಚ್ಚಿದರೆ ಕಾಯುವ ಹೊತ್ತು ಬಹಳ ಹೆಚ್ಚುತ್ತದೆ. ತಿರುಗಿಸಿ ನೋಡಿದರೆ, ಭಾನುವಾರದ ಜನರಲ್ಲಿ ಕೆಲವರನ್ನು ಬುಧವಾರಕ್ಕೆ ಸರಿಸಿದರೂ ಸಾಕು, ಭಾನುವಾರದ ಸಾಲು ಗಣನೀಯವಾಗಿ ಕುಗ್ಗುತ್ತದೆ.

ದಿನಕ್ಕೊಂದು ದರವಿಡುವುದರ ಗುಟ್ಟು ಇಲ್ಲಿದೆ. ಡಿಸ್ನಿಲ್ಯಾಂಡ್ 2016ರಲ್ಲಿ ಒಂದು ದಿನದ ಟಿಕೆಟ್ಟಿಗೆ ಮೂರು ದರ ಇಟ್ಟಿತು: ಜನ ವಿರಳವಾದ ದಿನಕ್ಕೆ 95 ಡಾಲರು, ಸಾಧಾರಣ ದಿನಕ್ಕೆ 105, ಸಂದಣಿಯ ದಿನಕ್ಕೆ 119. ನಮ್ಮಲ್ಲಿಯೂ ವಾರದ ದಿನಕ್ಕೊಂದು, ರಜಾದಿನಕ್ಕೊಂದು ದರವಿಡುವ ಪಾರ್ಕುಗಳಿವೆ. ಆದರೆ ರಜೆ ಹಾಕಿ ಬುಧವಾರ ಬರುವ ಸ್ವಾತಂತ್ರ್ಯ ಯಾರಿಗಿದೆ? ಕಾರ್ಖಾನೆಯ ಕೆಲಸಗಾರನಿಗೆ ಭಾನುವಾರ ಬಿಟ್ಟು ಬೇರೆ ದಿನವಿಲ್ಲ. ದರವೇನೋ ಜನರನ್ನು ಹಂಚುತ್ತದೆ. ಹಂಚುವಾಗ ಯಾರಿಗೆ ಆಯ್ಕೆಯಿದೆ, ಯಾರಿಗಿಲ್ಲ ಎಂದು ನೋಡುವುದಿಲ್ಲ.

ಮುಂಗಡ ಕಾಯ್ದಿರಿಸುವಿಕೆ ಕಟ್ಟುನಿಟ್ಟಾದದ್ದು ಕೋವಿಡ್ ಕಾಲದಲ್ಲಿ. 2020ರಲ್ಲಿ ಮುಚ್ಚಿದ ಬಾಗಿಲುಗಳು ಮತ್ತೆ ತೆರೆದಾಗ, ಒಳಗೆ ಇಷ್ಟೇ ಜನವಿರಬೇಕೆಂಬ ಮಿತಿ ಬಂದಿತು. ಟಿಕೆಟ್ಟು ಕೊಂಡರೆ ಸಾಲದು, ಇಂಥ ದಿನ ಬರುತ್ತೇನೆಂದು ಬೇರೆಯಾಗಿ ಸ್ಥಳ ಕಾಯ್ದಿರಿಸಬೇಕೆಂದು ಡಿಸ್ನಿ ಪಾರ್ಕುಗಳು ನಿಯಮ ಮಾಡಿದುವು. ಫ್ಲಾರಿಡಾದಲ್ಲಿ, ದಿನಾಂಕ ನಮೂದಾದ ಟಿಕೆಟ್ಟುಳ್ಳವರಿಗೆ ಈ ಎರಡನೆಯ ಕಟ್ಟನ್ನು 2024ರ ಜನವರಿ 9ರಿಂದ ಸಡಿಲಿಸಿದರು. ಟಿಕೆಟ್ಟಿನಲ್ಲಿಯೇ ದಿನವಿರುವಾಗ ಇನ್ನೊಮ್ಮೆ ಕಾಯ್ದಿರಿಸುವುದೇಕೆ ಎಂದು ಜನರಿಗೆ ಅನ್ನಿಸಿದ್ದು ಸಹಜವೇ.

ಇನ್ನು ಮೂರನೆಯ ಪ್ರಶ್ನೆ. 1999ರಲ್ಲಿ ಡಿಸ್ನಿಯವರು ಫಾಸ್ಟ್‌ಪಾಸ್ ಎಂಬ ಚೀಟಿಯನ್ನು ಜಾರಿಗೆ ತಂದರು. ಯಂತ್ರದ ಬಳಿ ಟಿಕೆಟ್ಟನ್ನು ತೋರಿದರೆ, ಇಂಥ ಗಂಟೆಗೆ ಬಾ ಎಂಬ ಚೀಟಿ ಬರುತ್ತಿತ್ತು. ಆ ವೇಳೆಗೆ ಬಂದವನು ಚಿಕ್ಕ ಸಾಲಿನಲ್ಲಿ ಒಳಗೆ ಹೋಗುತ್ತಿದ್ದನು. ಇದಕ್ಕೆ ಹಣವಿಲ್ಲ, ಬೇಗ ಎದ್ದು ಬಂದವನಿಗೆ ಲಾಭ. 2021ರಲ್ಲಿ ಅದರ ಸ್ಥಾನಕ್ಕೆ ಹಣ ಕೊಟ್ಟು ಪಡೆಯುವ ಏರ್ಪಾಡು ಬಂದಿತು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ, ಬಿಡದಿಯ ಬಳಿ 2005ರಲ್ಲಿ ತೆರೆದ ವಂಡರ್‌ಲಾದಲ್ಲಿಯೂ ಸಾಮಾನ್ಯ ಟಿಕೆಟ್ಟಿನ ಜೊತೆಗೆ ಫಾಸ್ಟ್‌ಟ್ರ್ಯಾಕ್ ಎಂಬ ಹೆಚ್ಚಿನ ದರದ ಟಿಕೆಟ್ಟುಂಟು. ಇದೂ ನಮಗೆ ಹೊಸದಲ್ಲ. ದೇವಾಲಯಗಳಲ್ಲಿ ಧರ್ಮದರ್ಶನದ ಸಾಲಿನ ಪಕ್ಕದಲ್ಲಿಯೇ ವಿಶೇಷ ದರ್ಶನದ ಸಾಲನ್ನು ನೋಡಿದವರೇ ನಾವು.

ಈ ಎರಡನೆಯ ಸಾಲು ಹೊಸದಾಗಿ ಒಂದು ಆಸನವನ್ನೂ ಸೃಷ್ಟಿಸುವುದಿಲ್ಲವೆಂಬುದನ್ನು ಮರೆಯಬಾರದು. ಮೊದಲಿನ ಲೆಕ್ಕಕ್ಕೇ ಬರೋಣ. ನಿಮ್ಮ ಮುಂದೆ 240 ಜನರಿದ್ದಾರೆ. 24 ಆಸನಗಳೂ ಸಾಮಾನ್ಯ ಸಾಲಿಗೆ ದೊರೆತರೆ ಹತ್ತು ಸುತ್ತು, ಎಂದರೆ ಅರ್ಧ ಗಂಟೆ ಕಾದರೆ ಆಯಿತು. ಪ್ರತಿ ಸುತ್ತಿನಲ್ಲಿಯೂ ಎಂಟು ಆಸನಗಳನ್ನು ವೇಗದ ಸಾಲಿಗೆ ತೆಗೆದಿಟ್ಟರೆ ನಿಮಗೆ ಉಳಿಯುವುದು 16. ಆಗ ಹದಿನೈದು ಸುತ್ತು, ಮುಕ್ಕಾಲು ಗಂಟೆ. ಅವರು ಉಳಿಸಿಕೊಂಡ ಹೊತ್ತು ನಿಮ್ಮ ಕೈಯಿಂದ ಹೋದದ್ದು. ಪಾರ್ಕಿನವರ ವಾದವನ್ನೂ ಕೇಳಬೇಕು: ಶ್ರೀಮಂತರು ಹೆಚ್ಚು ತೆತ್ತರೆ ಸಾಮಾನ್ಯ ಟಿಕೆಟ್ಟಿನ ದರವನ್ನು ಏರಿಸದೆ ನಡೆಸಬಹುದು ಎನ್ನುತ್ತಾರೆ. ಅದರಲ್ಲಿ ನಿಜವಿಲ್ಲದಿಲ್ಲ. ಹಾಗಿದ್ದರೆ, ಪ್ರತಿ ಸುತ್ತಿನಲ್ಲಿ ಎಷ್ಟು ಆಸನಗಳನ್ನು ಹಾಗೆ ತೆಗೆದಿಡುತ್ತೇವೆಂದು ಟಿಕೆಟ್ಟಿನ ಕಿಟಕಿಯಲ್ಲಿಯೇ ಬರೆದು ಹಾಕಲಿ. ಅರ್ಧ ಗಂಟೆಯ ಸಾಲೆಂದು ಕೊಂಡವನಿಗೆ ಮುಕ್ಕಾಲು ಗಂಟೆಯ ಸಾಲನ್ನು ಕೊಡುವುದು ಅಳತೆಯಲ್ಲಿ ಮಾಡುವ ಮೋಸಕ್ಕೆ ಸಮೀಪವಾದುದು.

ಇದಿಷ್ಟು ತತ್ತ್ವ. ಇನ್ನು ಟಿಕೆಟ್ಟು ಕೊಳ್ಳಲು ಕೂತಾಗ ನೋಡಬೇಕಾದ ಕೆಲವು ವಿಷಯಗಳು. ಮೊದಲನೆಯದಾಗಿ, ಪಾರ್ಕಿನ ಸ್ವಂತ ಜಾಲತಾಣದಲ್ಲಿ ಇಲ್ಲವೇ ಅದರ ಕೌಂಟರಿನಲ್ಲಿ ಕೊಳ್ಳಿರಿ. ಅರ್ಧ ದರಕ್ಕೆ ಕೊಡುತ್ತೇವೆಂದು ಮೊಬೈಲಿಗೆ ಬರುವ ಕೊಂಡಿಗಳನ್ನು ನಂಬಬೇಡಿರಿ. ನಕಲಿ ಚೀಟಿಯ ಕಸುಬು 1955ರಲ್ಲಿಯೇ ಇತ್ತೆಂಬುದನ್ನು ಮೇಲೆ ನೋಡಿದಿರಷ್ಟೆ. ಎರಡನೆಯದಾಗಿ, ತೋರಿಸಿದ ದರದಲ್ಲಿ ತೆರಿಗೆ ಸೇರಿದೆಯೇ ಎಂದು ನೋಡಿರಿ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಇಂಥ ಪಾರ್ಕುಗಳ ಪ್ರವೇಶಕ್ಕೆ ನೂರಕ್ಕೆ 28ರಷ್ಟು ತೆರಿಗೆಯಿತ್ತು; 2018ರ ಜನವರಿ 25ರಿಂದ ಅದನ್ನು 18ಕ್ಕೆ ಇಳಿಸಿದರು. ಮೂರನೆಯದಾಗಿ, ಮಕ್ಕಳ ಟಿಕೆಟ್ಟಿಗೆ ಹಲವೆಡೆ ವಯಸ್ಸನ್ನಲ್ಲ, ಎತ್ತರವನ್ನು ಗಣಿಸುತ್ತಾರೆ. ದೊಡ್ಡ ಸವಾರಿಗಳಿಗೂ ಎತ್ತರದ ಕಟ್ಟಳೆಯಿರುತ್ತದೆ. ಸುರಕ್ಷತೆಯ ಪಟ್ಟಿ ಮೈಗೆ ಸರಿಯಾಗಿ ಕೂರಬೇಕಾದುದರಿಂದ ಈ ಕಟ್ಟಳೆ. ಕಾಡಿ ಬೇಡಿ ಸಡಿಲಿಸುವಂಥದಲ್ಲ. ಮನೆಯ ಗೋಡೆಗೆ ಮಗುವನ್ನು ನಿಲ್ಲಿಸಿ ಅಳೆದುಕೊಂಡೇ ಹೊರಡಿರಿ. ಬಾಗಿಲಲ್ಲಿ ಅಳುವ ಮಗುವನ್ನು ಸಮಾಧಾನ ಮಾಡುವುದಕ್ಕಿಂತ ಅದು ಸುಲಭ. ನೀರಿನ ಆಟಗಳಿಗೆ ಎಂಥ ಉಡುಪು ಬೇಕು, ಬುತ್ತಿಯನ್ನು ಒಳಗೆ ಬಿಡುತ್ತಾರೆಯೇ, ಸಾಮಾನು ಇಡುವ ಪೆಟ್ಟಿಗೆಗೆ ಬೇರೆ ಬಾಡಿಗೆಯೇ, ಶಾಲೆಯ ಗುಂಪಿಗೆ ರಿಯಾಯಿತಿಯುಂಟೇ - ಇವನ್ನೂ ಮುಂಚಿತವಾಗಿ ವಿಚಾರಿಸಿರಿ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದುದು: ರದ್ದುಪಡಿಸುವ ನಿಯಮವನ್ನು ಓದಿರಿ. ಇದನ್ನು ನಾನು ಕಲಿತದ್ದು ಕೆಟ್ಟಮೇಲೆ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಎಂಟನೆಯ ತರಗತಿಯ 42 ಮಕ್ಕಳಿಗಾಗಿ ಒಂದು ಪಾರ್ಕಿನ ಟಿಕೆಟ್ಟುಗಳನ್ನು ತಿಂಗಳ ಮೊದಲೇ ಕೊಂಡೆ. ದರ ಅಗ್ಗವಾಗಿತ್ತು. ದಿನಾಂಕ ಬದಲಾಯಿಸುವಂತಿಲ್ಲ, ಹಣ ಹಿಂದಿರುಗುವುದಿಲ್ಲ ಎಂಬ ಸಾಲು ಕೆಳಗಡೆ ಸಣ್ಣ ಅಕ್ಷರದಲ್ಲಿತ್ತು. ಹಳಗನ್ನಡದ ಪಾಠಗಳಲ್ಲಿ ಒಂದು ಅಕ್ಷರವನ್ನೂ ಬಿಡದೆ ಓದಿಸುವ ನಾನು ಅದನ್ನು ಓದಲಿಲ್ಲ. ಪರೀಕ್ಷೆಯ ದಿನಾಂಕ ಬದಲಾಯಿತು, ಪ್ರವಾಸ ನಿಂತಿತು, ಹಣ ಹೋಯಿತು. ಆ ಮಕ್ಕಳಲ್ಲಿ ಕೂಲಿಯವರ ಮನೆಯವರೇ ಹೆಚ್ಚು. ಅಧ್ಯಾಪಕರೆಲ್ಲ ಸೇರಿ ಹಣವನ್ನು ತುಂಬಿಕೊಟ್ಟೆವು. ಆ ಮಕ್ಕಳಿಗೆ ತಪ್ಪಿಹೋದ ದಿನವನ್ನು ತುಂಬಿಕೊಡಲಾಗಲಿಲ್ಲ. ಮುಂಗಡದ ಟಿಕೆಟ್ಟು ಅಗ್ಗವಾಗಿರುವುದು ಸುಮ್ಮನೆ ಅಲ್ಲ. ಮಳೆ, ಜ್ವರ, ಪರೀಕ್ಷೆ ಎಂಬ ಅಪಾಯಗಳನ್ನೆಲ್ಲ ಮಾರುವವನ ಹೆಗಲಿನಿಂದ ಇಳಿಸಿ ನಿಮ್ಮ ಹೆಗಲಿಗೇರಿಸಿದ್ದಕ್ಕೆ ಕೊಡುವ ಸೋಡಿ ಅದು. ಹೊತ್ತುಕೊಳ್ಳಬಲ್ಲೆವೆಂಬ ಧೈರ್ಯವಿದ್ದರೆ ಮಾತ್ರ ಕೊಳ್ಳಿರಿ.

ಮರುವರ್ಷ, ದಿನಾಂಕ ಬದಲಾಯಿಸಬಹುದಾದ ಟಿಕೆಟ್ಟುಗಳನ್ನೇ ಸ್ವಲ್ಪ ಹೆಚ್ಚು ಕೊಟ್ಟು ಕೊಂಡೆವು. ಆಗ ಇನ್ನೊಂದು ತೊಡಕು. ನಾಲ್ಕು ಮಂದಿ ತಂದೆತಾಯಿಗಳು, ನಮ್ಮ ಮಗುವಿಗೆ ವೇಗದ ಸಾಲಿನ ಟಿಕೆಟ್ಟು ತೆಗೆಸಿರೆಂದು ಹಣ ಕಳಿಸಿದರು. ಅವರ ಹಣ, ಅವರ ಮಗು, ಕೇಳಿದ್ದು ತಪ್ಪಲ್ಲ. ಆದರೆ ಒಂದೇ ಬೆಂಚಿನಲ್ಲಿ ಕೂರುವ ಮಕ್ಕಳು ಅಲ್ಲಿ ಎರಡು ಸಾಲಾಗಿ ನಿಲ್ಲುವುದನ್ನು ನೋಡಲು ನನ್ನ ಮನಸ್ಸು ಒಪ್ಪಲಿಲ್ಲ. ಹಣವನ್ನು ಹಿಂದಿರುಗಿಸಿದೆ. ಒಬ್ಬ ತಾಯಿ ಬೇಸರಪಟ್ಟುಕೊಂಡರು.

ಆ ದಿನ ಒಬ್ಬ ಹುಡುಗ ನೋಟುಪುಸ್ತಕದಲ್ಲಿ ಲೆಕ್ಕವಿಟ್ಟಿದ್ದ. ಸಾಲಿನಲ್ಲಿ ನಿಂತದ್ದು 3 ಗಂಟೆ 40 ಮಿನಿಟು. ಸವಾರಿಯಲ್ಲಿ ಕುಳಿತದ್ದು 31 ಮಿನಿಟು. ಅತಿ ದೊಡ್ಡ ಸವಾರಿಯನ್ನು ಹನ್ನೊಂದು ಮಕ್ಕಳು ಏರಲಾಗಲಿಲ್ಲ. ಪಕ್ಕದ ಸಾಲಿನವರು ಸರಸರನೆ ಮುಂದೆ ಹೋಗುವುದನ್ನು ನೋಡಿ ಒಬ್ಬಳು ಹುಡುಗಿ, "ಸಾರ್, ಅವರು ನಮಗಿಂತ ಮೊದಲೇ ಬಂದಿದ್ದರಾ?" ಎಂದು ಕೇಳಿದಳು. "ಇಲ್ಲಮ್ಮ, ಹೆಚ್ಚು ದುಡ್ಡು ಕೊಟ್ಟಿದ್ದಾರೆ" ಎಂದೆ. ಅವಳು ಮತ್ತೇನೂ ಕೇಳಲಿಲ್ಲ. ನಾನು ಮಾಡಿದ್ದು ಸರಿಯೆಂದೇ ಇಂದಿಗೂ ನಂಬಿದ್ದೇನೆ. ಆದರೂ ಆ ಹನ್ನೊಂದು ಮುಖಗಳು ನೆನಪಿಗೆ ಬಂದಾಗ ನಂಬಿಕೆ ಕೊಂಚ ಅಲುಗುತ್ತದೆ.

ನಮ್ಮ ಭಾಷೆಯಲ್ಲಿ 'ಕಾಯು' ಎಂಬ ಒಂದೇ ಧಾತುವಿಗೆ ಎರಡು ಅರ್ಥಗಳು. ಬಸ್ಸಿಗಾಗಿ ಕಾಯುತ್ತೇವೆ, ಎಂದರೆ ನಿರೀಕ್ಷಿಸುತ್ತೇವೆ. ಹೊಲವನ್ನು ಕಾಯುತ್ತೇವೆ, ಎಂದರೆ ರಕ್ಷಿಸುತ್ತೇವೆ. ಕಾಯ್ದಿರಿಸುವುದು ಎಂಬ ಮಾತು ಎರಡನೆಯ ಅರ್ಥದಿಂದ ಬಂದದ್ದು. ಒಬ್ಬರ ಪಾಲನ್ನು ಇನ್ನೊಬ್ಬರು ಮುಟ್ಟದಂತೆ ರಕ್ಷಿಸಿ ಇಡುವುದು. ಸಾಲಿನಲ್ಲಿ ಕಾಯುವವರ ಪಾಲನ್ನೂ ಯಾರಾದರೂ ಕಾಯಬೇಕಷ್ಟೆ. ಆ ಹೊಣೆ ಟಿಕೆಟ್ಟು ಮಾರುವವರದು. ಕೊಳ್ಳುವ ನಾವು ಮಾಡಬಹುದಾದುದು ಇಷ್ಟು: ದಿನವನ್ನು ಯೋಚಿಸಿ ಆರಿಸೋಣ, ಸಣ್ಣ ಅಕ್ಷರಗಳನ್ನು ಓದೋಣ, ಹತ್ತು ಸವಾರಿಗಳ ಆಸೆಯಲ್ಲಿ ಹೋಗದೆ ಐದಾರು ದೊರೆತರೆ ಸಾಕೆಂದು ಮಕ್ಕಳಿಗೆ ಮನೆಯಲ್ಲಿಯೇ ಹೇಳೋಣ, ಎಲ್ಲಕ್ಕಿಂತ ದೊಡ್ಡ ಸವಾರಿಯ ಸಾಲಿನಲ್ಲಿ, ಬಾಗಿಲು ತೆರೆದೊಡನೆ, ಮೊದಲು ನಿಲ್ಲೋಣ. ಈ ವರ್ಷ ನಮ್ಮ ಮಕ್ಕಳನ್ನು ಕರೆದುಕೊಂಡು ಹೋಗುವಾಗ ನಾನೂ ಹಾಗೆಯೇ ಮಾಡುವವನಿದ್ದೇನೆ.